ಎರಡನೆಯ ಕಕ್ಷಿಯ ಮಾತು

(ವಕೀಲರು ಮತ್ತು ನ್ಯಾಯಾಧೀಶರ ಹೊಣೆಗಾರಿಕೆಯ ಕುರಿತು ಮಾಡಿದ ಭಾಷಣದ ಲಿಖಿತ ರೂಪ)



ಪ್ರವಾದಿ ಮುಹಮ್ಮದ್(ಸ)ರು ಹಝ್ರತ್ ಅಲಿ(ರ)ಯವರನ್ನು ನ್ಯಾಯಾಧೀಶರನ್ನಾಗಿ ಯಮನ್‌ಗೆ ಕಳುಹಿಸುವಾಗ ಒಂದು ಉಪದೇಶವನ್ನಿತ್ತರು. ಇಬ್ಬರು ಕಕ್ಷಿದಾರರು ಮುಂದೆ ಕುಳಿತಾಗ, ಮೊದಲನೆಯವನ ಮಾತನ್ನು ಕೇಳಿದಂತೆಯೇ ಎರಡನೆಯವನ ಮಾತನ್ನೂ ಕೇಳುವ ತನಕ ತೀರ್ಪು ನೀಡಬಾರದೆಂಬುದು ಅದರ ತಿರುಳು. ನಮ್ಮ ದೇಶದ ನ್ಯಾಯಾಲಯಗಳು ಮಾನ್ಯ ಮಾಡಿರುವ ಸಹಜ ನ್ಯಾಯ ತತ್ವದ ತಳಹದಿಯೂ ಇದುವೇ ಆಗಿದೆ.

ಆದರೆ ಆ ಎರಡನೆಯವನಿಗೆ ಮಾತನಾಡಲು ಬಾರದಿದ್ದರೆ? ಆತ ಬಡವನೂ ಅನಕ್ಷರಸ್ಥನೂ ಬಂಧಿತನೂ ಆಗಿದ್ದರೆ? ವಕೀಲನ ಪಾತ್ರ ಆರಂಭವಾಗುವುದು ಅಲ್ಲಿಯೇ. ನ್ಯಾಯಾಧೀಶನು ಕೇಳುವ ಕಿವಿಯಾದರೆ ವಕೀಲನು ಹೇಳುವ ನಾಲಗೆ. ತನ್ನ ಕಕ್ಷಿದಾರ ನಿರಪರಾಧಿಯೆಂದು ಪ್ರಮಾಣಪತ್ರ ನೀಡುವುದು ಅವನ ಕೆಲಸವಲ್ಲ. ಆರೋಪವನ್ನು ಸಾಕ್ಷ್ಯದ ಒರೆಗಲ್ಲಿಗೆ ಹಚ್ಚುವಂತೆ ಮಾಡುವುದು ಅವನ ಕೆಲಸ. ಆದ್ದರಿಂದಲೇ ಸಂವಿಧಾನದ 22(1)ನೇ ವಿಧಿಯು ಬಂಧಿತನಿಗೆ ತನ್ನಿಚ್ಛೆಯ ವಕೀಲನ ನೆರವು ಪಡೆಯುವ ಹಕ್ಕನ್ನು ನೀಡಿದೆ.

ಹೀಗಿದ್ದೂ ನಿರ್ದಿಷ್ಟ ಆರೋಪಿಗಳ ಪರ ಯಾರೂ ವಕಾಲತ್ತು ವಹಿಸಬಾರದೆಂದು ಕೆಲವು ವಕೀಲರ ಸಂಘಗಳು ನಿರ್ಣಯ ಕೈಗೊಂಡದ್ದುಂಟು. ಇಂತಹ ನಿರ್ಣಯಗಳು ಸಂವಿಧಾನಕ್ಕೂ ವೃತ್ತಿಧರ್ಮಕ್ಕೂ ವಿರುದ್ಧ, ಅವು ಅಸಿಂಧು ಎಂದು ಸುಪ್ರೀಮ್ ಕೋರ್ಟು 2010ರ ಡಿಸೆಂಬರಿನಲ್ಲಿ ಎ.ಎಸ್. ಮುಹಮ್ಮದ್ ರಫಿ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಆದರೂ 2020ರ ಫೆಬ್ರವರಿಯಲ್ಲಿ ದೇಶದ್ರೋಹದ ಆರೋಪ ಹೊತ್ತ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ವಿಷಯದಲ್ಲಿ ಹುಬ್ಬಳ್ಳಿಯ ವಕೀಲರ ಸಂಘವು ಅಂಥದೇ ನಿರ್ಣಯ ಕೈಗೊಂಡಿತು. ಕರ್ನಾಟಕ ಹೈಕೋರ್ಟು ಅದನ್ನು ತೀವ್ರವಾಗಿ ಆಕ್ಷೇಪಿಸಿತು. ಜಾಮೀನು ಅರ್ಜಿ ಸಲ್ಲಿಸಲು ಬೆಂಗಳೂರಿನ ವಕೀಲರು ಪೊಲೀಸ್ ರಕ್ಷಣೆಯಲ್ಲಿ ಧಾರವಾಡಕ್ಕೆ ಹೋಗಬೇಕಾಯಿತು. ಅರ್ಜಿ ಸಲ್ಲಿಸುವುದಕ್ಕೇ ಪೊಲೀಸ್ ಕಾವಲು ಬೇಕೆಂದಾದರೆ ಅದು ಆರೋಪಿಯ ಸಮಸ್ಯೆ ಮಾತ್ರವೇ?

ವಕೀಲನಿದ್ದರೆ ಅಪರಾಧಿ ತಪ್ಪಿಸಿಕೊಳ್ಳುತ್ತಾನೆಂಬುದು ಕೆಲವರ ಭೀತಿ. 2008ರ ಮುಂಬೈ ದಾಳಿಯ ಮೊಕದ್ದಮೆಯನ್ನು ನೋಡಿ. ಅಜ್ಮಲ್ ಕಸಬ್‌ಗೂ ವಕೀಲರನ್ನು ಒದಗಿಸಲಾಯಿತು. ಅಪರಾಧ ಸಾಬೀತಾಗಿ ಆತ ಗಲ್ಲಿಗೇರಿದ. ಅದೇ ಮೊಕದ್ದಮೆಯಲ್ಲಿ ಸಹ ಆರೋಪಿಗಳಾಗಿದ್ದ ಇಬ್ಬರು ಭಾರತೀಯರು 2010ರ ಮೇ ತಿಂಗಳಲ್ಲಿ ಖುಲಾಸೆಗೊಂಡರು. 2012ರಲ್ಲಿ ಸುಪ್ರೀಮ್ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಅವರಲ್ಲೊಬ್ಬರ ಪರ ವಾದಿಸುತ್ತಿದ್ದ ಶಾಹಿದ್ ಆಝ್ಮಿಯವರನ್ನು ಮಾತ್ರ ಆ ತೀರ್ಪಿಗೆ ಮೂರು ತಿಂಗಳ ಮೊದಲೇ, ಫೆಬ್ರವರಿ 11ರಂದು, ಅವರ ಕಚೇರಿಯಲ್ಲೇ ಗುಂಡಿಟ್ಟು ಕೊಲ್ಲಲಾಗಿತ್ತು.

ನ್ಯಾಯಾಧೀಶರ ಹೊಣೆ ಇನ್ನೂ ಭಾರವಾದುದು. 2002ರ ಅಕ್ಷರಧಾಮ ದಾಳಿಯ ಪ್ರಕರಣದಲ್ಲಿ ಕೆಳ ನ್ಯಾಯಾಲಯ ಆರು ಮಂದಿಗೆ ಶಿಕ್ಷೆ ವಿಧಿಸಿತು. ಅದರಲ್ಲಿ ಮೂವರಿಗೆ ಗಲ್ಲು. ಗುಜರಾತ್ ಹೈಕೋರ್ಟೂ ಅದನ್ನೇ ಸಮ್ಮತಿಸಿತು. 2014ರ ಮೇ 16ರಂದು ಸುಪ್ರೀಮ್ ಕೋರ್ಟು ಆರೂ ಮಂದಿಯನ್ನು ದೋಷಮುಕ್ತಗೊಳಿಸಿತು. ಕಡತ ಅದುವೇ, ಸಾಕ್ಷ್ಯವೂ ಅದುವೇ. ವ್ಯತ್ಯಾಸವಿದ್ದುದು ಅದನ್ನು ಪರಿಶೀಲಿಸಿದ ಬಗೆಯಲ್ಲಿ. ಅಲ್ಲಿ ಪ್ರಾಣ ತೆತ್ತ ಮೂವತ್ತಕ್ಕೂ ಹೆಚ್ಚು ಮಂದಿಯ ಕುಟುಂಬಗಳಿಗೆ ಇದರಿಂದ ಸಿಕ್ಕಿದ್ದಾದರೂ ಏನು? ನಿರಪರಾಧಿಯ ಶಿಕ್ಷೆಯು ಸಂತ್ರಸ್ತರಿಗೂ ಬಗೆದ ದ್ರೋಹವಾಗಿದೆ.

ಇಷ್ಟನ್ನು ಹೇಳಿ ಕುಳಿತರೆ ನಮ್ಮ ಮಾತು ಅಪೂರ್ಣವಾದೀತು. ನಮ್ಮವನೆಂಬ ಕಾರಣಕ್ಕೆ ತಪ್ಪಿತಸ್ಥನ ಬೆನ್ನಿಗೆ ನಿಲ್ಲುವ ಚಾಳಿ ನಮ್ಮ ಮೊಹಲ್ಲಾಗಳಲ್ಲಿಲ್ಲವೇ? ಮದೀನಾದಲ್ಲಿ ಮುಸ್ಲಿಮನೆನಿಸಿಕೊಂಡವನೊಬ್ಬ ಕವಚ ಕದ್ದು, ಆ ಆರೋಪವನ್ನು ಓರ್ವ ಯಹೂದಿಯ ತಲೆಗೆ ಕಟ್ಟಿದ. ಅವನ ಬಂಧುಗಳು ಅವನ ಪರವಾಗಿ ವಾದಿಸಿದರು. ಆಗ ವಂಚಕರ ಪರ ವಕಾಲತ್ತು ಬೇಡವೆಂಬ ಆದೇಶದೊಂದಿಗೆ ಅನ್ನಿಸಾ ಅಧ್ಯಾಯದ 105ರಿಂದ ಮುಂದಿನ ಸೂಕ್ತಗಳು ಅವತೀರ್ಣಗೊಂಡು ಆ ಯಹೂದಿಯನ್ನು ದೋಷಮುಕ್ತಗೊಳಿಸಿದವೆಂದು ವ್ಯಾಖ್ಯಾನಕಾರರು ದಾಖಲಿಸಿದ್ದಾರೆ. ಆರೋಪಿಯ ಮಾತನ್ನು ನ್ಯಾಯಾಲಯಕ್ಕೆ ತಲುಪಿಸುವುದು ವಕೀಲಿಕೆ. ಸುಳ್ಳು ಸಾಕ್ಷಿಯನ್ನು ಸಿದ್ಧಪಡಿಸುವುದು ವಂಚನೆ. ವಾಕ್ಚಾತುರ್ಯದಿಂದ ಸೋದರನ ಹಕ್ಕನ್ನು ಗೆದ್ದುಕೊಂಡವನು ಬೆಂಕಿಯ ತುಣುಕನ್ನು ಪಡೆದಿದ್ದಾನೆಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ.

ಹಾಗಾದರೆ ನಾವೇನು ಮಾಡಬೇಕು? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ಬಂಧನದಲ್ಲಿರುವವರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಪಡೆಯಬಹುದು. ತಾಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರೆ ಸಾಕು. ಪ್ರತಿಯೊಂದು ಮಸೀದಿಯ ಜಮಾಅತ್ ಈ ಮಾಹಿತಿಯನ್ನು ಜನರಿಗೆ ತಲುಪಿಸಲಿ. ಪ್ರತಿಭಾವಂತ ಮಕ್ಕಳನ್ನು, ವಿಶೇಷತಃ ಹೆಣ್ಮಕ್ಕಳನ್ನು, ಕಾನೂನು ಕಾಲೇಜಿಗೆ ಕಳುಹಿಸೋಣ. ಅವರ ಶುಲ್ಕದ ಹೊಣೆಯನ್ನು ಸಮುದಾಯದ ಉಳ್ಳವರು ಹೊರಲಿ. ಅವರು ಮುಸ್ಲಿಮರ ವಕೀಲರಾಗಿ ಮಾತ್ರ ಉಳಿಯದೆ, ಮಾತನಾಡಲು ಯಾರೂ ಇಲ್ಲದವರೆಲ್ಲರ ವಕೀಲರಾಗಲಿ. ಅಲ್ಲಾಹನು ನಮಗೆ ಅದರ ಸೌಭಾಗ್ಯ ಕರುಣಿಸಲಿ.