ಸೋತ ಜರ್ಮನಿಯ ಲೆಕ್ಕ: ಶೀತಲ ಸಮರ ಹುಟ್ಟಿದ ಬಗೆ



ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ನಡುವಿನ ಹಗೆ ಶುರುವಾದದ್ದು ಯಾವಾಗ ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಬರುತ್ತವೆ. 1917ರ ರಷ್ಯಾ ಕ್ರಾಂತಿಯಲ್ಲೇ ಅದರ ಬೀಜವಿತ್ತು ಎನ್ನುವುದು ಒಂದು. 1946ರ ಮಾರ್ಚ್ 5ರಂದು ಮಿಸೌರಿಯ ಫುಲ್ಟನ್ ಎಂಬ ಸಣ್ಣ ಊರಿನಲ್ಲಿ ಚರ್ಚಿಲ್ ಕಬ್ಬಿಣದ ಪರದೆಯ ಮಾತೆತ್ತಿದಾಗ ಎನ್ನುವುದು ಇನ್ನೊಂದು. ಎರಡನ್ನೂ ನಾನು ತಳ್ಳಿಹಾಕುವುದಿಲ್ಲ. ಆದರೆ ಬಂಡವಾಳಶಾಹಿಗೂ ಕಮ್ಯುನಿಸಂಗೂ ಎಣ್ಣೆ ಸೀಗೇಕಾಯಿ ಸಂಬಂಧ ಎಂದಷ್ಟೇ ಹೇಳಿ ಸುಮ್ಮನಾದರೆ ಒಂದು ಪ್ರಶ್ನೆ ಉಳಿದುಬಿಡುತ್ತದೆ. ಅದೇ ಎರಡು ದೇಶಗಳು 1941ರ ಕೊನೆಯಿಂದ 1945ರವರೆಗೆ ಹೆಗಲಿಗೆ ಹೆಗಲು ಕೊಟ್ಟು ಕಾದಿದ್ದು ಹೇಗೆ? ಅಮೆರಿಕ ಕಳಿಸಿದ ಸ್ಟುಡಿಬೇಕರ್ ಲಾರಿಗಳನ್ನು ಹತ್ತಿಕೊಂಡೇ ಕೆಂಪು ಸೇನೆ ಬರ್ಲಿನ್ನಿನ ಕಡೆಗೆ ಸಾಗಿತ್ತು. ತತ್ತ್ವದ ಭೇದ ಆಗಲೂ ಇತ್ತು. ಅದು ಮೂರೇ ವರ್ಷಗಳಲ್ಲಿ ವೈರವಾಗಿ ಬೆಳೆಯಲು ಬೇರೇನೋ ಬೇಕಾಯಿತು.

ಆ ಬೇರೇನೋ ಜರ್ಮನಿ ಎಂಬುದು ನನ್ನ ವಾದ. ಸೋತ ದೇಶವನ್ನು ಏನು ಮಾಡುವುದು, ಯುದ್ಧದ ನಷ್ಟವನ್ನು ಯಾರಿಂದ ವಸೂಲು ಮಾಡುವುದು, ಅಲ್ಲಿ ಬದುಕುಳಿದವರಿಗೆ ಅನ್ನ ಹಾಕುವವರು ಯಾರು ಎಂಬ ಲೆಕ್ಕ ಬಗೆಹರಿಯಲಿಲ್ಲ. ಭಾಷಣಗಳಿಗಿಂತ ಈ ಲೆಕ್ಕದ ಪುಸ್ತಕವೇ ಹೆಚ್ಚು ಹೇಳುತ್ತದೆ ಎಂದು ನಾನು ನಂಬಿದ್ದೇನೆ.

ಮೊದಲು ನಷ್ಟದ ಮಾತು. ಆ ಯುದ್ಧದಲ್ಲಿ ಸೋವಿಯತ್ ಒಕ್ಕೂಟ ಸುಮಾರು 2 ಕೋಟಿ 70 ಲಕ್ಷ ಜನರನ್ನು ಕಳೆದುಕೊಂಡಿತು. ಅಮೆರಿಕದಲ್ಲಿ ಸತ್ತವರು ಸುಮಾರು 4 ಲಕ್ಷ. ಬೆಲಾರೂಸ್, ಉಕ್ರೇನ್, ಪಶ್ಚಿಮ ರಷ್ಯಾಗಳಲ್ಲಿ ಊರಿಗೆ ಊರೇ ಸುಟ್ಟು ಹೋಗಿದ್ದಾಗ, ಜಗತ್ತಿನ ಕಾರ್ಖಾನೆಗಳ ಉತ್ಪನ್ನದಲ್ಲಿ ಅರ್ಧದಷ್ಟು ಅಮೆರಿಕದಿಂದಲೇ ಬರುತ್ತಿತ್ತು. ಹೀಗಾಗಿ ಒಂದೇ ಯುದ್ಧದಿಂದ ಇಬ್ಬರೂ ಬೇರೆ ಬೇರೆ ಪಾಠ ಕಲಿತರು. ಜರ್ಮನಿ ಮತ್ತೆಂದೂ ಏಳಬಾರದು, ಅದರ ಯಂತ್ರಗಳನ್ನು ಬಿಚ್ಚಿ ತಂದು ನಮ್ಮ ಕಾರ್ಖಾನೆ ಕಟ್ಟಿಕೊಳ್ಳಬೇಕು, ಪೋಲೆಂಡಿನ ಮೂಲಕ ಇನ್ನೊಮ್ಮೆ ಯಾರೂ ನುಗ್ಗಬಾರದು ಎಂದು ಮಾಸ್ಕೋ ಎಣಿಸಿತು. ವಾಷಿಂಗ್ಟನ್ನಿನ ಅಧಿಕಾರಿಗಳ ನೆನಪಿನಲ್ಲಿದ್ದದ್ದು 1919ರ ವರ್ಸೇಲ್ಸ್ ಒಪ್ಪಂದ ಮತ್ತು ಆಮೇಲಿನ ಆರ್ಥಿಕ ಕುಸಿತ. ಸೋತವರನ್ನು ಹಿಂಡಿದ್ದರಿಂದಲೇ ಹಿಟ್ಲರ್ ಹುಟ್ಟಿದ, ಮುಚ್ಚಿದ ಮಾರುಕಟ್ಟೆಗಳೇ ಯುದ್ಧಕ್ಕೆ ದಾರಿ ಮಾಡಿದವು ಎಂದು ಅವರು ತಿಳಿದಿದ್ದರು. ಎರಡೂ ಪಾಠಗಳಲ್ಲಿ ಸತ್ಯವಿತ್ತು. ಎರಡನ್ನೂ ಒಂದೇ ಜರ್ಮನಿಯ ಮೇಲೆ ಪ್ರಯೋಗಿಸಲು ಮಾತ್ರ ಆಗುತ್ತಿರಲಿಲ್ಲ.

ಹೀಗೆಂದ ಮಾತ್ರಕ್ಕೆ ತಪ್ಪು ಇಬ್ಬರದೂ ಸಮಸಮ ಎಂದು ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ. 1945ರ ಫೆಬ್ರವರಿಯಲ್ಲಿ ಯಾಲ್ಟಾ ಸಭೆಯಲ್ಲಿ ಪೋಲೆಂಡಿಗೆ ಮುಕ್ತ ಚುನಾವಣೆಯ ಮಾತು ಕೊಟ್ಟ ಸ್ಟಾಲಿನ್, ಮುಂದಿನ ತಿಂಗಳೇ ಮಾತುಕತೆಗೆ ಕರೆಸಿದ ಹದಿನಾರು ಪೋಲಿಷ್ ನಾಯಕರನ್ನು ಬಂಧಿಸಿ ಮಾಸ್ಕೋದಲ್ಲಿ ವಿಚಾರಣೆಗೆ ನಿಲ್ಲಿಸಿದರು. ಭಯಪಡಲು ಕಾರಣವಿತ್ತು ಎಂಬುದು ನೆರೆಯವರ ಸ್ವಾತಂತ್ರ್ಯ ಕಿತ್ತುಕೊಳ್ಳಲು ಪರವಾನಗಿಯಾಗುವುದಿಲ್ಲ. ಹಾಗೆಂದು ಪಶ್ಚಿಮದವರ ಕೈ ತೀರಾ ಶುದ್ಧವಾಗಿತ್ತೆ? 1944ರ ಅಕ್ಟೋಬರ್ 9ರ ರಾತ್ರಿ ಮಾಸ್ಕೋದಲ್ಲಿ ಚರ್ಚಿಲ್ ಒಂದು ಚೀಟಿಯ ಮೇಲೆ ರುಮೇನಿಯದಲ್ಲಿ ರಷ್ಯಾಕ್ಕೆ ಶೇ. 90, ಗ್ರೀಸ್‌ನಲ್ಲಿ ಬ್ರಿಟನ್ನಿಗೆ ಶೇ. 90, ಯುಗೊಸ್ಲಾವಿಯದಲ್ಲಿ ಅರ್ಧರ್ಧ ಎಂದು ಬರೆದು ಮೇಜಿನ ಆಚೆಗೆ ಸರಿಸಿದರು. ಸ್ಟಾಲಿನ್ ನೀಲಿ ಪೆನ್ಸಿಲಿನಲ್ಲಿ ಗುರುತು ಹಾಕಿದರು. ಆ ದೇಶಗಳ ಜನರನ್ನು ಯಾರೂ ಕೇಳಲಿಲ್ಲ.

ಈಗ ಬರ್ಲಿನ್ ಬಳಿಯ ಪಾಟ್ಸ್‌ಡಾಮ್‌ಗೆ ಬರೋಣ. 1945ರ ಜುಲೈ 17ರಿಂದ ಆಗಸ್ಟ್ 2ರವರೆಗೆ ಅಲ್ಲಿನ ಅರಮನೆಯೊಂದರಲ್ಲಿ ಅಮೆರಿಕ, ಬ್ರಿಟನ್, ಸೋವಿಯತ್ ನಾಯಕರ ಸಭೆ ನಡೆಯಿತು. ಜುಲೈ 24ರಂದು ಅಮೆರಿಕದ ಅಧ್ಯಕ್ಷ ಟ್ರೂಮನ್ ಸ್ಟಾಲಿನ್ ಬಳಿ ಹೋಗಿ ಅಸಾಧಾರಣ ಶಕ್ತಿಯ ಹೊಸ ಅಸ್ತ್ರವೊಂದು ತಮ್ಮಲ್ಲಿದೆ ಎಂದು ಹೇಳಿದ ಪ್ರಸಂಗ ಎಲ್ಲರಿಗೂ ಗೊತ್ತು. ಗೂಢಚಾರರ ಮೂಲಕ ಸ್ಟಾಲಿನ್‌ಗೆ ಆ ಸುದ್ದಿ ಮೊದಲೇ ಮುಟ್ಟಿತ್ತು. ಅಣುಬಾಂಬು ಸಂಶಯವನ್ನು ಹೆಚ್ಚಿಸಿತು ನಿಜ. ಆದರೆ ಆ ಸಭೆ ಹೆಚ್ಚು ಹೊತ್ತು ಜಗ್ಗಾಡಿದ್ದು ಯುದ್ಧ ಪರಿಹಾರದ ಮೇಲೆ. ಒಟ್ಟು 2,000 ಕೋಟಿ ಡಾಲರ್, ಅದರಲ್ಲಿ ಅರ್ಧ ನಮಗೆ ಎಂದು ಸೋವಿಯತ್ತರು ಯಾಲ್ಟಾದಲ್ಲೇ ಕೇಳಿದ್ದರು. ಪಾಟ್ಸ್‌ಡಾಮ್‌ನಲ್ಲಿ ಆ ಮೊತ್ತ ಕೈಬಿಟ್ಟು ಬೇರೊಂದು ಏರ್ಪಾಟಾಯಿತು. ಅಮೆರಿಕ, ಬ್ರಿಟನ್, ಫ್ರಾನ್ಸ್, ಸೋವಿಯತ್ ಸೇನೆಗಳು ಜರ್ಮನಿಯನ್ನು ನಾಲ್ಕು ವಲಯಗಳಾಗಿ ಹಂಚಿಕೊಂಡಿದ್ದವು; ಪ್ರತಿಯೊಬ್ಬರೂ ತಮ್ಮ ತಮ್ಮ ವಲಯದಿಂದ ಪರಿಹಾರ ಪಡೆಯಬೇಕು. ಕಲ್ಲಿದ್ದಲು, ಉಕ್ಕಿನ ರೂರ್ ಪ್ರದೇಶ ಬ್ರಿಟಿಷರ ಪಾಲಿನಲ್ಲಿದ್ದುದರಿಂದ, ಪಶ್ಚಿಮದಲ್ಲಿ ಶಾಂತಿಕಾಲಕ್ಕೆ ಬೇಡವಾದ ಯಂತ್ರೋಪಕರಣಗಳಲ್ಲಿ ಶೇ. 10 ಸೋವಿಯತ್ತರಿಗೆ ಪುಕ್ಕಟೆ, ಇನ್ನು ಶೇ. 15 ಆಹಾರ, ಕಲ್ಲಿದ್ದಲು ಮುಂತಾದವಕ್ಕೆ ಬದಲಾಗಿ. ಅದೇ ಒಪ್ಪಂದದ ಇನ್ನೊಂದು ಕಲಮು ಜರ್ಮನಿಯನ್ನು ಒಂದೇ ಆರ್ಥಿಕ ಘಟಕವಾಗಿ ನೋಡಿಕೊಳ್ಳಬೇಕು ಎನ್ನುತ್ತಿತ್ತು. ವಸೂಲಿ ಬೇರೆ ಬೇರೆ, ಸಂಸಾರ ಮಾತ್ರ ಒಟ್ಟಿಗೆ ಎಂದರೆ ಅದು ನಡೆಯುವುದುಂಟೆ? ಇಬ್ಭಾಗದ ಗೆರೆ ಬಿದ್ದದ್ದು ಅಲ್ಲೇ ಎಂದು ನನಗೆ ಅನ್ನಿಸುತ್ತದೆ.

ಆಮೇಲೆ ನಾಲ್ಕು ಸೇನೆಗಳ ಆಡಳಿತ ಮಂಡಳಿ ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ನಡೆಯಿತು. ಪೂರ್ವದಲ್ಲಿ ರೈಲು ಹಳಿಗಳಿಂದ ಹಿಡಿದು ಇಡೀ ಕಾರ್ಖಾನೆಗಳವರೆಗೆ ಬಿಚ್ಚಿ ಸಾಗಿಸಿದರು. ಹಾಗೆ ಬಿಚ್ಚಿದ್ದರಲ್ಲಿ ಎಷ್ಟೋ ಯಂತ್ರಗಳು ದಾರಿಯ ರೈಲು ನಿಲ್ದಾಣಗಳಲ್ಲೇ ತುಕ್ಕು ಹಿಡಿದವು, ಯಾರಿಗೂ ದಕ್ಕಲಿಲ್ಲ. ಪಶ್ಚಿಮದಲ್ಲಿ ಹಸಿವು. 1946ರ ಮಾರ್ಚಿನಲ್ಲಿ ಬ್ರಿಟಿಷ್ ವಲಯದ ಪಡಿತರ ದಿನಕ್ಕೆ ಸುಮಾರು 1,000 ಕ್ಯಾಲರಿಗೆ ಇಳಿಯಿತು. ಯುದ್ಧ ಗೆದ್ದೂ ದಿವಾಳಿಯಾಗಿದ್ದ ಬ್ರಿಟನ್ ಆ ಪಡಿತರಕ್ಕೂ ಡಾಲರ್ ಹೊಂದಿಸಬೇಕಿತ್ತು. ಒಂದು ಕಡೆಯಿಂದ ನಾವು ಆಹಾರ ತುಂಬುವುದು, ಇನ್ನೊಂದು ಕಡೆಯಿಂದ ಅವರು ಯಂತ್ರ ಹೊತ್ತೊಯ್ಯುವುದು ಎಷ್ಟು ದಿನ ಎಂದು ಅಮೆರಿಕನ್ನರು ಕೇಳತೊಡಗಿದರು. ಮೇ ತಿಂಗಳಲ್ಲಿ ಅಮೆರಿಕನ್ ವಲಯದ ಜನರಲ್ ಕ್ಲೇ ಪೂರ್ವಕ್ಕೆ ಯಂತ್ರಗಳನ್ನು ಕಳಿಸುವುದನ್ನು ನಿಲ್ಲಿಸಿದರು. ಮಾಸ್ಕೋದ ಕಣ್ಣಿಗೆ ಅದು ಕೊಟ್ಟ ಮಾತಿಗೆ ತಪ್ಪಿದಂತೆ, ಜರ್ಮನಿಯನ್ನು ತಮ್ಮ ವಿರುದ್ಧ ಮತ್ತೆ ಎಬ್ಬಿಸುವ ಹುನ್ನಾರದಂತೆ ಕಂಡಿತು.

ಇಲ್ಲಿ ತತ್ತ್ವದ ಪಾತ್ರ ಬರುತ್ತದೆ. ಎದುರಿನವನ ನಡೆಯನ್ನು ಓದುವ ಕನ್ನಡಕ ಅದು. 1946ರ ಫೆಬ್ರವರಿ 22ರಂದು ಮಾಸ್ಕೋದ ಅಮೆರಿಕನ್ ರಾಯಭಾರ ಕಚೇರಿಯಿಂದ ಜಾರ್ಜ್ ಕೆನ್ನನ್ ಕಳಿಸಿದ ದೀರ್ಘ ತಂತಿ ಪ್ರಸಿದ್ಧ. ಅದೇ ವರ್ಷದ ಸೆಪ್ಟೆಂಬರ್ 27ರಂದು ವಾಷಿಂಗ್ಟನ್ನಿನ ಸೋವಿಯತ್ ರಾಯಭಾರಿ ನೊವಿಕೊವ್ ಮಾಸ್ಕೋಗೆ ಕಳಿಸಿದ ವರದಿ ಅಷ್ಟು ಪ್ರಸಿದ್ಧವಲ್ಲ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದಬೇಕೆಂದು ವಿದ್ಯಾರ್ಥಿಗಳಿಗೆ ವಿಶೇಷವಾಗಿ ಹೇಳುತ್ತೇನೆ. ಎದುರಿನವರು ಸ್ವಭಾವದಿಂದಲೇ ಹರಡಿಕೊಳ್ಳುವವರು, ಅವರ ಪ್ರತಿ ಹೆಜ್ಜೆಯೂ ದೊಡ್ಡ ಯೋಜನೆಯ ಭಾಗ ಎಂದು ಇಬ್ಬರೂ ತಮ್ಮ ಒಡೆಯರಿಗೆ ತಿಳಿಸಿದ್ದರು.

1947ರಲ್ಲಿ ಘಟನೆಗಳು ಒಂದರ ಬೆನ್ನಿಗೆ ಒಂದು ಬಂದವು. ಕಮ್ಯುನಿಸ್ಟ್ ಬಂಡಾಯ ಎದುರಿಸುತ್ತಿದ್ದ ಗ್ರೀಸ್‌ಗೆ ಇನ್ನು ನೆರವು ಕೊಡಲಾರೆವು ಎಂದು ಫೆಬ್ರವರಿಯಲ್ಲಿ ಬ್ರಿಟನ್ ಕೈಚೆಲ್ಲಿತು. ಗ್ರೀಸ್, ಟರ್ಕಿಗಳಿಗಾಗಿ 40 ಕೋಟಿ ಡಾಲರ್ ಬೇಕೆಂದು ಮಾರ್ಚ್ 12ರಂದು ಟ್ರೂಮನ್ ಸಂಸತ್ತಿನಲ್ಲಿ ಕೇಳಿದರು. ಅದೇ ಹೊತ್ತಿಗೆ ಮಾಸ್ಕೋದಲ್ಲಿ ವಿದೇಶಾಂಗ ಸಚಿವರ ಸಭೆ ಆರು ವಾರ ನಡೆದು ಜರ್ಮನಿಯ ಬಗ್ಗೆ ಒಮ್ಮತಕ್ಕೆ ಬಾರದೆ ಮುಗಿಯಿತು. ಏಪ್ರಿಲ್ 15ರಂದು ಭೇಟಿಯಾದ ಅಮೆರಿಕದ ವಿದೇಶಾಂಗ ಸಚಿವ ಜಾರ್ಜ್ ಮಾರ್ಷಲ್‌ಗೆ ಸ್ಟಾಲಿನ್ ತಾಳ್ಮೆ ಇರಲಿ, ರಾಜಿ ಸಾಧ್ಯವಿದೆ ಎಂಬರ್ಥದ ಮಾತು ಹೇಳಿದರು. ಯುರೋಪು ಹಸಿದು ಕುಸಿಯಲಿ ಎಂದೇ ಇವರು ಕಾಯುತ್ತಿದ್ದಾರೆ ಎಂಬ ಭಾವನೆ ಹೊತ್ತು ಮಾರ್ಷಲ್ ಹಿಂತಿರುಗಿದರು. ಜೂನ್ 5ರಂದು ಹಾರ್ವರ್ಡ್‌ನಲ್ಲಿ ಅವರು ಮಾಡಿದ ಭಾಷಣದಿಂದ ಮಾರ್ಷಲ್ ಯೋಜನೆ ಹುಟ್ಟಿತು. ಮುಂದಿನ ವರ್ಷಗಳಲ್ಲಿ ಅದು ಪಶ್ಚಿಮ ಯುರೋಪಿಗೆ ಸುಮಾರು 1,300 ಕೋಟಿ ಡಾಲರ್ ಹರಿಸಿತು.

ಅದರ ಬಾಗಿಲು ಪೂರ್ವದವರಿಗೂ ತೆರೆದಿತ್ತು. ಅದರ ಮಾತುಕತೆಗೆ ಪ್ಯಾರಿಸ್ಸಿಗೆ ಬಂದ ಸೋವಿಯತ್ ವಿದೇಶಾಂಗ ಸಚಿವ ಮೊಲೊಟೊವ್, ಜರ್ಮನಿಯನ್ನೂ ಸೇರಿಸಿಕೊಂಡು ಒಟ್ಟಾಗಿ ಯೋಜನೆ ಹಾಕುವ ಷರತ್ತು ಕೇಳಿ ಜುಲೈ 2ರಂದು ಎದ್ದು ಹೋದರು. ಆ ವರ್ಷ ಬರಗಾಲಕ್ಕೆ ಸಿಕ್ಕಿದ್ದ ಚೆಕೊಸ್ಲೊವಾಕಿಯ ಬರುತ್ತೇವೆ ಎಂದು ಒಪ್ಪಿಕೊಂಡಿತ್ತು. ಅದರ ಪ್ರಧಾನಿ ಗಾಟ್ವಾಲ್ಡ್ ಮತ್ತು ವಿದೇಶಾಂಗ ಸಚಿವ ಯಾನ್ ಮಸಾರಿಕ್ ಅವರನ್ನು ಸ್ಟಾಲಿನ್ ಕರೆಸಿಕೊಂಡರು. ಜುಲೈ 10ರಂದು ಪ್ರಾಗ್ ಒಪ್ಪಿಗೆ ಹಿಂತೆಗೆಯಿತು. 1948ರ ಫೆಬ್ರವರಿಯಲ್ಲಿ ಕಮ್ಯುನಿಸ್ಟರು ಅಲ್ಲಿ ಪೂರ್ಣ ಅಧಿಕಾರ ಹಿಡಿದರು. ಮಾರ್ಚ್ 10ರ ಬೆಳಗ್ಗೆ ಮಸಾರಿಕ್ ಶವ ಸಚಿವಾಲಯದ ಅಂಗಳದಲ್ಲಿ, ಅವರ ಕಿಟಕಿಯ ಕೆಳಗೆ ಸಿಕ್ಕಿತು. ಈ ಇಡೀ ಚರಿತ್ರೆಯಲ್ಲಿ ನನ್ನನ್ನು ಅತಿಯಾಗಿ ನೋಯಿಸುವ ಸಂಗತಿ ಇದು. ಎರಡು ಕಡೆಗೂ ಸೇತುವೆಯಾಗಿ ಇರುತ್ತೇವೆ ಎಂದಿದ್ದ ದೇಶ ಅದು.

ಇನ್ನು ಉಳಿದದ್ದು ಹಣ. ಜರ್ಮನಿಯಲ್ಲಿ ಹಳೆಯ ರೈಖ್‌ಮಾರ್ಕ್‌ಗೆ ಬೆಲೆಯೇ ಇರಲಿಲ್ಲ. ಕಾಳಸಂತೆಯಲ್ಲಿ ಸಿಗರೇಟೇ ಚಲಾವಣೆಯ ನಾಣ್ಯ. 1944ರಲ್ಲಿ, ಸ್ನೇಹದ ದಿನಗಳಲ್ಲಿ, ಮಿತ್ರಸೇನೆಗಳ ನೋಟಿನ ಅಚ್ಚುಗಳನ್ನೇ ಅಮೆರಿಕ ಮಾಸ್ಕೋಗೆ ಕೊಟ್ಟಿತ್ತು. ಸೋವಿಯತ್ತರು ಎಷ್ಟು ಮುದ್ರಿಸಿದರೆಂಬುದು ಅಮೆರಿಕದವರಿಗೆ ಸಿಗದ ಲೆಕ್ಕವಾಗಿ ಉಳಿಯಿತು. ಆ ಕಹಿಯಿಂದ, ಹೊಸ ನೋಟನ್ನು ಎಲ್ಲಿ, ಯಾರ ಕಣ್ಗಾವಲಿನಲ್ಲಿ ಮುದ್ರಿಸಬೇಕು ಎಂಬುದರಲ್ಲೇ ಮಾತುಕತೆ ಮುರಿಯಿತು. ಕೊನೆಗೆ ಅಮೆರಿಕದಲ್ಲಿ ಗುಟ್ಟಾಗಿ ಮುದ್ರಿಸಿ ಹಡಗಿನಲ್ಲಿ ತಂದ ನೋಟುಗಳು 1948ರ ಜೂನ್ 20ರಂದು ಪಶ್ಚಿಮ ವಲಯಗಳಲ್ಲಿ ಹೊರಬಂದವು. ತಲೆಗೆ ಮೊದಲು 40 ಮಾರ್ಕ್. ಮರುದಿನವೇ ಅಂಗಡಿಗಳ ಗಾಜಿನ ಹಿಂದೆ ಪಾತ್ರೆ, ಪಾದರಕ್ಷೆ, ಬೆಣ್ಣೆ ಕಾಣಿಸಿಕೊಂಡವು. ಅಷ್ಟು ದಿನ ಅಡಗಿಸಿಟ್ಟಿದ್ದ ಸರಕು ಅದು. ಕೂಡಿಟ್ಟಿದ್ದವರ ಉಳಿತಾಯ ಮಾತ್ರ ಬಹುಪಾಲು ಕರಗಿಹೋಯಿತು.

ರದ್ದಾದ ನೋಟುಗಳೆಲ್ಲ ತಮ್ಮ ವಲಯಕ್ಕೆ ನುಗ್ಗುತ್ತವೆಂದು ಸೋವಿಯತ್ತರು ಗಾಬರಿಯಾದರು. ಅವರ ಹೊಸ ನೋಟು ಇನ್ನೂ ಸಿದ್ಧವಿರಲಿಲ್ಲ. ಹಳೆಯ ನೋಟಿನ ಮೇಲೆ ಅಂಚೆಚೀಟಿಯಂಥ ತುಂಡು ಕಾಗದ ಅಂಟಿಸಿ ಚಲಾವಣೆಗೆ ಬಿಟ್ಟರು. ಸೋವಿಯತ್ ವಲಯದ ಒಳಗಿದ್ದರೂ ನಾಲ್ವರೂ ಹಂಚಿಕೊಂಡಿದ್ದ ಬರ್ಲಿನ್ನಿಗೆ ಪಶ್ಚಿಮದವರು ತಂದ ನೋಟಿನ ಮೇಲೆ ‘ಬಿ’ ಅಕ್ಷರದ ಮುದ್ರೆ ಇತ್ತು. ಒಂದೇ ಊರಿನ ಜನರ ಜೇಬಿನಲ್ಲಿ ಒಂದು ಕಡೆ ಅಂಟಿಸಿದ ನೋಟು, ಇನ್ನೊಂದು ಕಡೆ ಮುದ್ರೆಯ ನೋಟು. ಜೂನ್ 24ರಂದು ಸೋವಿಯತ್ತರು ಪಶ್ಚಿಮ ಬರ್ಲಿನ್ನಿಗೆ ರಸ್ತೆ, ರೈಲು, ಜಲಮಾರ್ಗ ಎಲ್ಲವನ್ನೂ ಮುಚ್ಚಿದರು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರಿಗೆ ವಿಮಾನದಲ್ಲಿ ಹಿಟ್ಟು, ಹಾಲಿನ ಪುಡಿ, ಎಲ್ಲಕ್ಕಿಂತ ಹೆಚ್ಚಾಗಿ ಕಲ್ಲಿದ್ದಲು ಬಂತು. ಸುಮಾರು 2 ಲಕ್ಷ 77 ಸಾವಿರ ಹಾರಾಟಗಳಲ್ಲಿ 23 ಲಕ್ಷ ಟನ್ ಸಾಗಿತು. ಟೆಗೆಲ್ ವಿಮಾನ ನಿಲ್ದಾಣದ ಓಡುದಾರಿಯನ್ನು ಬಾಂಬಿಗೆ ಉರುಳಿದ ಮನೆಗಳ ಇಟ್ಟಿಗೆ ಚೂರು ಹೊತ್ತು ಕಟ್ಟಿದವರಲ್ಲಿ ಬಹಳ ಮಂದಿ ಬರ್ಲಿನ್ನಿನ ಹೆಣ್ಣುಮಕ್ಕಳು. ಕೆಂಪು ಸೈನಿಕರು 1945ರಲ್ಲಿ ನಡೆಸಿದ ಅತ್ಯಾಚಾರಗಳನ್ನು ಅವರು ಮರೆತಿರಲಿಲ್ಲ. 1946ರ ಅಕ್ಟೋಬರಿನ ನಗರ ಚುನಾವಣೆಯಲ್ಲಿ ಮಾಸ್ಕೋ ಬೆಂಬಲಿತ ಪಕ್ಷಕ್ಕೆ ಶೇ. 20ರಷ್ಟೂ ಮತ ಬೀಳದಿದ್ದುದರ ಹಿಂದೆ ಆ ನೆನಪೂ ಇತ್ತು.

1949ರ ಮೇ 12ರಂದು ದಿಗ್ಬಂಧನ ತೆರವಾಯಿತು. ಅಷ್ಟರಲ್ಲಿ ಪಶ್ಚಿಮದವರ ಸೇನಾ ಕೂಟ ನೇಟೋ ಹುಟ್ಟಿತ್ತು. ಅದೇ ವರ್ಷ ಎರಡು ಜರ್ಮನಿಗಳಾದವು, ಸೋವಿಯತ್ತರು ಅಣುಬಾಂಬು ಸಿಡಿಸಿದರು, ಚೀನಾದಲ್ಲಿ ಮಾವೋ ಗೆದ್ದರು.

ಭಾರತಕ್ಕೆ ಈ ವೈರದ ಬಿಸಿ ತಟ್ಟಿದ್ದು ಕೊರಿಯದಲ್ಲಿ. 1950ರ ಜೂನ್ 25ರಂದು ಉತ್ತರ ಕೊರಿಯದ ದಾಳಿಯ ಸುದ್ದಿ ಬಂದಾಗ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದವರು ದಕ್ಷಿಣ ಕನ್ನಡ ಮೂಲದ ಬೆನಗಲ್ ನರಸಿಂಗ ರಾವ್, ನಮ್ಮ ಸಂವಿಧಾನ ರಚನೆಗೆ ಸಲಹೆಗಾರರಾಗಿದ್ದವರು. ಕಮ್ಯುನಿಸ್ಟ್ ಚೀನಾಕ್ಕೆ ಸ್ಥಾನ ಸಿಗಲಿಲ್ಲವೆಂದು ಮುನಿದಿದ್ದ ಸೋವಿಯತ್ ಪ್ರತಿನಿಧಿಯ ಕುರ್ಚಿ ಖಾಲಿ ಇತ್ತು. ದಾಳಿ ನಿಲ್ಲಲಿ ಎಂಬ ಮೊದಲ ನಿರ್ಣಯಕ್ಕೆ ಭಾರತ ಮತ ಕೊಟ್ಟಿತು. ಸೇನಾ ನೆರವಿನ ನಿರ್ಣಯ ಎರಡು ದಿನಗಳ ನಂತರ ಬಂದಾಗ, ದೆಹಲಿಯ ಸೂಚನೆ ಬಾರದ ಕಾರಣ ರಾವ್ ಮತದಾನದಲ್ಲಿ ಭಾಗವಹಿಸಲಿಲ್ಲ. ಜುಲೈ 13ರಂದು ನೆಹರೂ ಸ್ಟಾಲಿನ್‌ಗೂ ಅಮೆರಿಕದ ವಿದೇಶಾಂಗ ಸಚಿವ ಅಚೆಸನ್‌ಗೂ ಪತ್ರ ಬರೆದು, ಚೀನಾವನ್ನು ಮಂಡಳಿಗೆ ಸೇರಿಸಿಕೊಂಡು ಅಲ್ಲೇ ಮಾತಾಡಿ ಯುದ್ಧ ಹಬ್ಬದಂತೆ ತಡೆಯೋಣ ಎಂದು ಕೇಳಿಕೊಂಡರು. ಸ್ಟಾಲಿನ್ ಸ್ವಾಗತಿಸಿದರು, ಅಚೆಸನ್ ಒಪ್ಪಲಿಲ್ಲ. ಪಾಟ್ಸ್‌ಡಾಮ್ ಮುಗಿದು ಐದು ವರ್ಷ ತುಂಬುವ ಹೊತ್ತಿಗೆ, ಮಾಸ್ಕೋ ಹೂಂ ಎಂದ ಯಾವುದನ್ನೂ ವಾಷಿಂಗ್ಟನ್ ನಂಬುವ ಸ್ಥಿತಿಯಲ್ಲಿರಲಿಲ್ಲ. ನಂಬದಿರಲು ಸ್ಟಾಲಿನ್ ಸಾಕಷ್ಟು ಕಾರಣ ಕೊಟ್ಟಿದ್ದರು. ಆ ಯುದ್ಧ ಇನ್ನೂ ಮೂರು ವರ್ಷ ನಡೆಯಿತು.