ಬೆಟ್ಟದ ಮೇಲೆ ಕೇಳದೆ ಬಂದ ವರ

(ಹುಣಸೂರಿನಲ್ಲಿ ನಡೆದ ತಿಂಗಳ ಶರಣ ಸಂಗಮದಲ್ಲಿ ಶರಣೆಯೊಬ್ಬರು ಆಡಿದ ಮಾತುಗಳು)

 

ನನಗೆ ಮೈಕಿನ ಮುಂದೆ ನಿಂತು ಅಭ್ಯಾಸವಿಲ್ಲ. ಬರೆದುಕೊಂಡು ಬಂದಿದ್ದೇನೆ. ಕೈ ನಡುಗಿ ಹಾಳೆ ಸದ್ದು ಮಾಡಿದರೆ ತಪ್ಪು ತಿಳಿಯಬೇಡಿ.

ಹೋದ ತಿಂಗಳ ಸಂಗಮದಲ್ಲಿ ಪ್ರಸಾದಕ್ಕೆ ಏಳುವ ಮೊದಲು ಒಬ್ಬ ಸಣ್ಣ ಹುಡುಗ ಎದ್ದು ನಿಂತು ಕೇಳಿದ್ದು ನಿಮಗೆ ನೆನಪಿರಬಹುದು. "ಬುದ್ಧಿ, ದೇವರು ಬಂದು ಒಂದೇ ಒಂದು ವರ ಕೊಡ್ತೀನಿ ಅಂದ್ರೆ ಏನು ಕೇಳ್ಬೇಕು?" ಬುದ್ಧಿಯವರು ನಕ್ಕು, ಆ ಪ್ರಶ್ನೆಯನ್ನು ನಮ್ಮ ಕಡೆಗೇ ತಿರುಗಿಸಿದರು. ಹೊಗೆಸೊಪ್ಪು ಬೆಳೆಯುವವರು ಹರಾಜಿನಲ್ಲಿ ಮೊದಲ ದಿನದ ದರ ಕೊನೆಯ ದಿನದವರೆಗೂ ನಿಲ್ಲಲಿ ಎಂದರು. ಕೆ.ಆರ್. ನಗರದ ಕಡೆಯವರು ನಾಟಿ ಹೊತ್ತಿಗೆ ಸರಿಯಾಗಿ ನಾಲೆಗೆ ನೀರು ಬರಲಿ ಎಂದರು. ಕೋಟೆ ತಾಲ್ಲೂಕಿನ ಹಿರಿಯರೊಬ್ಬರು, ಅವರ ಊರು ಕಬಿನಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿದ್ದು, ನಿಧಾನವಾಗಿ ಎದ್ದು, "ನಮ್ಮೂರ ಅರಳಿಕಟ್ಟೆ ಮೇಲೆ ಒಂದು ಗಳಿಗೆ ಕೂತು ಬರಬೇಕು ಬುದ್ಧಿ, ಅಷ್ಟೇ" ಎಂದರು. ಅಣೆಕಟ್ಟೆ ಮುಗಿದಿದ್ದು 1974ರಲ್ಲಿ. ಅಷ್ಟು ವರ್ಷದಿಂದ ಅವರು ಆ ಒಂದು ಗಳಿಗೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರೆ. ಸಭೆ ಸುಮ್ಮನಾಯಿತು.

ನನ್ನ ಸರದಿ ಬಂದಾಗ ನಾನು ತಲೆ ತಗ್ಗಿಸಿದೆ. ಬುದ್ಧಿಯವರು ನೋಡಿಬಿಟ್ಟರು. "ಈ ತಾಯಿ ಮುಂದಿನ ತಿಂಗಳು ಮಾತಾಡಲಿ" ಎಂದು ಅಪ್ಪಣೆ ಮಾಡಿದರು. ಏಕೆ ತಲೆ ತಗ್ಗಿಸಿದೆ ಎಂದು ಅವರಿಗೂ ಗೊತ್ತಿರಲಿಲ್ಲ. ನನ್ನ ಹತ್ತಿರ ಅಂಥದೊಂದು ವರ ನಿಜವಾಗಿಯೂ ಇತ್ತು.

ನನ್ನ ತವರು ಪಿರಿಯಾಪಟ್ಟಣ ತಾಲ್ಲೂಕು, ಬೆಟ್ಟದಪುರದ ಹತ್ತಿರ. ಮನೆಯ ಅಂಗಳದಲ್ಲಿ ನಿಂತರೆ ಸಿಡಿಲು ಮಲ್ಲಿಕಾರ್ಜುನನ ಬೆಟ್ಟ ಕಾಣುತ್ತದೆ. ನನಗೆ ಹನ್ನೊಂದು ವರ್ಷವಿದ್ದಾಗ, ಆ ವರ್ಷದ ಹೊಗೆಸೊಪ್ಪು ಬೇಯಿಸುವ ಕೆಲಸ ಮುಗಿದ ಮೇಲೆ, ಅಜ್ಜಿ ನನ್ನನ್ನು ಬೆಟ್ಟಕ್ಕೆ ಕರೆದುಕೊಂಡು ಹೋದಳು. ಮೆಟ್ಟಿಲು ಹತ್ತುವಾಗ ಹೇಳಿದಳು: "ಮೊದಲ ಸಲ ಹತ್ತಿದವರು ಒಂದು ಕೇಳ್ಕಂಡ್ರೆ ಮಲ್ಲಯ್ಯ ಇಲ್ಲ ಅನ್ನಲ್ಲ ಮಗ. ಒಂದೇ ಒಂದು. ಯೋಚನೆ ಮಾಡಿ ಕೇಳ್ಕೊ." ಇದು ಬೇರೆ ಯಾರಾದರೂ ಹೇಳುವ ಮಾತೋ, ಅಜ್ಜಿಯೇ ಕಟ್ಟಿದ್ದೋ, ನಾನು ವಿಚಾರಿಸಲು ಹೋಗಲಿಲ್ಲ. ನಂಬಿಬಿಟ್ಟೆ.

ನಾನು ಹುಟ್ಟಾ ಪುಕ್ಕಲಿ. ಕತ್ತಲೆ ಅಂದರೆ ಭಯ, ಮೇಷ್ಟ್ರು ಅಂದರೆ ಭಯ, ತರಗತಿಯಲ್ಲಿ ಗಟ್ಟಿಯಾಗಿ ಓದು ಅಂದರೆ ಗಂಟಲು ಕಟ್ಟುತ್ತಿತ್ತು. ಈ ಭಯ ಹೋಗಲಿ ಎಂದು ಕೇಳೋಣ ಅಂದುಕೊಂಡೆ. ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಅವ್ವನ ಕೆಮ್ಮು ನೆನಪಾಯಿತು. ಬ್ಯಾರನ್ನಿನ ಬೆಂಕಿ ಮುಂದೆ ರಾತ್ರಿಯೆಲ್ಲ ಕೂತು ಕೂತು ಅವ್ವನಿಗೆ ಕೆಮ್ಮು ಹತ್ತಿತ್ತು. ಅದು ಬಿಟ್ಟು ನನ್ನ ಭಯಕ್ಕೆ ವರ ಖರ್ಚು ಮಾಡಿದರೆ? ಮತ್ತೆ ಸ್ವಲ್ಪ ಹತ್ತಿದ ಮೇಲೆ ಅಪ್ಪನ ಸಾಲ ನೆನಪಾಯಿತು. ಸಾಲ ತೀರಿದರೆ ಅವ್ವನಿಗೆ ಔಷಧಿ ಬರುತ್ತದೆ, ಹಾಗಾದರೆ ಸಾಲವನ್ನೇ ಕೇಳಬೇಕಲ್ಲ? ಇದರ ಮೇಲೆ ಇನ್ನೊಂದು ಹೆದರಿಕೆ. ನಮ್ಮೂರಲ್ಲಿ ಹರಿಕಥೆ ಮಾಡಿದವರು ಕುಂಭಕರ್ಣನ ಕಥೆ ಹೇಳಿದ್ದರು. ಇಂದ್ರಾಸನ ಕೇಳಲು ಬಾಯಿ ತೆರೆದವನ ನಾಲಿಗೆಯಲ್ಲಿ ದೇವತೆಗಳ ಪರವಾಗಿ ಸರಸ್ವತಿ ಕೂತು, ನಿದ್ರಾಸನ ಎಂದು ಹೇಳಿಸಿಬಿಟ್ಟಳಂತೆ. ಅಂಥ ರಾಕ್ಷಸನ ನಾಲಿಗೆಯೇ ತೊದಲಿದ ಮೇಲೆ ನನ್ನದು ಬಿಟ್ಟೀತೇ?

ಗುಡಿಯ ಮುಂದೆ ಕೈ ಮುಗಿದು ನಿಂತೆ. ಕಣ್ಣು ಮುಚ್ಚಿದೆ. ಏನೂ ಕೇಳಲಿಲ್ಲ. ಇಳಿಯುವಾಗ ಅಜ್ಜಿ, "ಏನು ಕೇಳ್ಕಂಡೆ ಮಗ?" ಎಂದಳು. "ಕೇಳ್ಕಂಡೆ" ಎಂದು ಸುಳ್ಳು ಹೇಳಿದೆ.

ವರದ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಕಣ್ಣಿಲ್ಲದ ಮುದುಕ ಒಂದೇ ವರದಲ್ಲಿ, ನನ್ನ ಮೊಮ್ಮಗ ಚಿನ್ನದ ಬಟ್ಟಲಲ್ಲಿ ಹಾಲು ಕುಡಿಯುವುದನ್ನು ನಾನು ನೋಡಬೇಕು ಎಂದು ಕೇಳಿ ಕಣ್ಣು, ಸಂತಾನ, ಸಂಪತ್ತು, ಆಯಸ್ಸು ಎಲ್ಲವನ್ನೂ ಗಿಟ್ಟಿಸಿಕೊಂಡ. ಭಸ್ಮಾಸುರ ಕೇಳಿಕೊಂಡು ಬೂದಿಯಾದ. ಒಬ್ಬ ಜಾಣ, ಒಬ್ಬ ಮದ ಏರಿದವ. ಪುಕ್ಕಲರ ಕೈಗೆ ವರ ಸಿಕ್ಕರೆ ಏನಾಗುತ್ತದೆ ಎನ್ನುವ ಕಥೆಯನ್ನು ನಾನು ಕೇಳಿಲ್ಲ. ಏನಾಗುತ್ತದೆ ಅಂದರೆ, ಅವರು ಅದನ್ನು ಸೆರಗಿನ ಗಂಟಿನಲ್ಲಿ ಕಟ್ಟಿ ಇಟ್ಟುಕೊಳ್ಳುತ್ತಾರೆ. ನಾನು ಹಾಗೇ ಮಾಡಿದೆ. ಏಳನೇ ತರಗತಿಗೆ ಶಾಲೆ ಬಿಡಿಸಿದಾಗ ಕೇಳಲಿಲ್ಲ, ಇದಕ್ಕಿಂತ ದೊಡ್ಡದು ಬಂದೀತು ಎಂದು. ಅವ್ವ ತೀರಿಕೊಂಡಾಗ ನಾನು ಬಾಣಂತಿ, ಸುದ್ದಿ ಬಂದಿದ್ದೇ ತಡವಾಗಿ. ಹುಣಸೂರು ತಾಲ್ಲೂಕಿಗೆ ಮದುವೆಯಾಗಿ ಬಂದೆ, ಹೊಗೆಸೊಪ್ಪಿನ ಮನೆಗೇ. ಯಾವುದಕ್ಕೆ ಮನೆಯಲ್ಲಿ ಬಾಯಿ ಬಿಡಬೇಕಿತ್ತೋ ಅಲ್ಲೆಲ್ಲ ಸುಮ್ಮನಿದ್ದೆ. ಹೇಗಿದ್ದರೂ ಒಂದು ವರ ಇದೆಯಲ್ಲ, ಕೈ ಮೀರಿದರೆ ಅದನ್ನು ತೆಗೆದರಾಯಿತು ಎಂಬ ಧೈರ್ಯ. ಅದು ಧೈರ್ಯವಲ್ಲ ಎಂದು ಈಗ ಗೊತ್ತಾಗುತ್ತದೆ.

ನಮ್ಮ ಯಜಮಾನರಿಗೆ ಲಕ್ವ ಹೊಡೆದಾಗ ಅವರಿಗೆ ನಲವತ್ತೊಂಬತ್ತು. ಮೈಸೂರಿನ ಆಸ್ಪತ್ರೆಯಲ್ಲಿ ಮೂರು ರಾತ್ರಿ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಈಗ ಕೇಳಬೇಕು ಎಂದು ಗೊತ್ತಿತ್ತು. ಆದರೆ ಹೇಗೆ ಕೇಳಲಿ? ಉಳಿಸು ಎಂದರೆ, ಬಾಯಿ ಕೈಕಾಲು ಇಲ್ಲದೆ ಹಾಸಿಗೆ ಮೇಲೆ ಉಳಿಸಿಬಿಟ್ಟರೆ? ಬ್ಯಾರನ್ನಿನ ಅಡ್ಡಗಳ ಮೇಲೆ ಕಾಲಿಟ್ಟು ತುದಿಯವರೆಗೆ ಹತ್ತಿ ಸೊಪ್ಪಿನ ಕಡ್ಡಿ ಏರಿಸುತ್ತಿದ್ದ ಮನುಷ್ಯ ಅವರು. ನೋವಿಲ್ಲದೆ ಕರೆದುಕೋ ಎಂದರೆ ನಾನೇ ಕೊಂದ ಹಾಗಾಗುತ್ತದೆ. ಮೊದಲಿನ ಹಾಗೆ ಮಾಡು ಎಂದರೆ, ಮೊದಲು ಅಂದರೆ ಎಷ್ಟು ಮೊದಲು? ಅರ್ಜಿ ಬರೆದು ಹರಿದು, ಬರೆದು ಹರಿದು ಮಾಡುವವರ ಹಾಗೆ ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ. ಮೂರನೇ ದಿನ ಬೆಳಗಿನ ಜಾವ ನರ್ಸು ಬಂದು ಭುಜ ಮುಟ್ಟಿದರು.

ಆಮೇಲೆ ಒಂಬತ್ತು ವರ್ಷ ನಾನು ಯಾರಿಗೂ ಹೇಳದೆ ಹೊತ್ತಿದ್ದು ಇದನ್ನು. ಕೇಳಿದ್ದರೆ ಉಳಿಯುತ್ತಿದ್ದರು. ನಾನು ಕೇಳಲಿಲ್ಲ.

ಇಂಥವರ ವಾಸನೆ ಕೆಲವರಿಗೆ ಬೇಗ ಹತ್ತುತ್ತದೆ. ಶಾಸ್ತ್ರ ಹೇಳುವವನೊಬ್ಬ ಮನೆಗೆ ಬಂದ. ಯಜಮಾನರ ಸಾವಿಗೆ ಮನೆಯ ಮೇಲಿನ ದೋಷ ಕಾರಣ, ಬ್ಯಾರನ್ನಿನ ಕೆಳಗೆ ನಿಧಿ ಇದೆ, ಅದು ಬಲಿ ಕೇಳುತ್ತಿದೆ ಎಂದ. ಓಲೆ ಅಡವಿಟ್ಟು ಹನ್ನೆರಡು ಸಾವಿರ ಕೊಟ್ಟೆ. ಮತ್ತೆ ಬಂದ, ಅಮಾವಾಸ್ಯೆ ರಾತ್ರಿ ಪೂಜೆ, ಮಗಳನ್ನೂ ಕೂರಿಸಬೇಕು ಎಂದ. ಆ ಮಾತಿಗೆ ನನ್ನ ಮಗಳೇ ಅವನನ್ನು ಹೊರಗೆ ಅಟ್ಟಿದಳು. ವಾಮಾಚಾರದ ವಿರುದ್ಧ ನಮ್ಮ ರಾಜ್ಯದಲ್ಲಿ 2017ರಲ್ಲೇ ಕಾಯ್ದೆ ಆಗಿದೆ, ನಿಧಿಯ ಆಸೆಗೆ ವಾಮಾಚಾರ ಮಾಡುವುದು ಅದರಲ್ಲಿ ಅಪರಾಧ. ನಮ್ಮ ಹಳ್ಳಿಗಳಲ್ಲಿ ಎಷ್ಟು ಜನಕ್ಕೆ ಗೊತ್ತಿದೆ? ಇಂಥ ಕಾರ್ಯಕ್ರಮಗಳಲ್ಲಿ ಅದನ್ನೂ ಓದಿ ಹೇಳಬೇಕು ಎಂದು ನನ್ನ ವಿನಂತಿ. ಆಸೆಬುರುಕರಿಗಿಂತ ಹೆದರುವವರೇ ಅವರ ದೊಡ್ಡ ಗಿರಾಕಿಗಳು.

ವಚನ ಓದುವ ಗುಂಪಿಗೆ ನನ್ನನ್ನು ಕರೆದುಕೊಂಡು ಬಂದಿದ್ದು ನಿವೃತ್ತ ಶಿಕ್ಷಕಿ ಅಕ್ಕ. ಒಂದು ದಿನ ಅವರ ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತಾ ಎಲ್ಲ ಹೇಳಿಬಿಟ್ಟೆ. ಅಳಬೇಡ, ಹಣೆಬರಹ ಎಂದು ಅವರು ಹೇಳಲಿಲ್ಲ. "ನಿನ್ನ ಎದೆ ಮೇಲೆ ಇರೋದು ಏನವ್ವ?" ಎಂದರು. ಲಿಂಗ ಎಂದೆ. "ಆ ಮೂರು ರಾತ್ರಿ ಅದು ಎಲ್ಲಿತ್ತು?" ಎದೆ ಮೇಲೇ ಇತ್ತು. "ಬೆಟ್ಟದ ಮೇಲಿನವನ ಹತ್ತಿರ ಒಂದು ಬಾಕಿ ಇದೆ ಅಂತ ನಲವತ್ತು ವರ್ಷ ಲೆಕ್ಕ ಇಟ್ಟಿದ್ದೀಯ. ಎದೆ ಮೇಲಿರೋನ ಹತ್ತಿರ ಯಾವ ಲೆಕ್ಕ?" ನಾನು ಉತ್ತರ ಹೇಳಲಿಲ್ಲ. ಕಾಳು ಬಿಡಿಸುವುದನ್ನು ಮುಂದುವರಿಸಿದೆವು.

ಆಮೇಲೆ ಶರಣರ ಕಥೆಗಳನ್ನು ಬೇರೆ ಕಣ್ಣಿನಿಂದ ಕೇಳತೊಡಗಿದೆ. ಮೋಳಿಗೆ ಮಾರಯ್ಯನವರ ಕಥೆ ನಿಮಗೆಲ್ಲ ಗೊತ್ತು. ಸೌದೆ ಮಾರುವ ಅವರ ಮನೆಯಲ್ಲಿ ಬಸವಣ್ಣನವರು ಹೊನ್ನು ಇಟ್ಟು ಬಂದರು. ಮಾರಯ್ಯನವರ ಕೈಯಲ್ಲಿ ಸೌದೆಯೇ ಹೊನ್ನಾಯಿತು ಎಂದು ಪುರಾಣ ಹೇಳುತ್ತದೆ. ಹಾಗಿದ್ದೂ ಮಾರನೆಯ ದಿನ ಕಾಡಿಗೆ ಹೋಗಿ ಸೌದೆ ಹೊತ್ತು ತಂದರು. ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ, ಇದು ನಮ್ಮದಲ್ಲ, ತಂದ ಜಾಗಕ್ಕೇ ಹಾಕಿ ಬಾ ಎಂದಳು. ಆ ಮಾತನ್ನು ಗಂಡನಿಗೆ ಹೇಳಲು ಎಷ್ಟು ಎದೆ ಬೇಕು ಎಂದು ಮೊದಲು ನನಗೆ ಹೊಳೆದಿರಲಿಲ್ಲ. ಇನ್ನು ಗೋರಕ್ಷ. ಯಾವ ಆಯುಧವೂ ನಾಟದ ವಜ್ರದ ದೇಹ ಸಾಧಿಸಿದ್ದ. ಕತ್ತಿ ಬೀಸಿದರೆ ಖಣ್ ಎನ್ನುತ್ತಿತ್ತು. ಅದೇ ಕತ್ತಿಯನ್ನು ಅಲ್ಲಮಪ್ರಭುಗಳ ಮೇಲೆ ಬೀಸಿದಾಗ ಬಯಲಿನಲ್ಲಿ ಹಾದುಹೋದಂತೆ ಹಾದುಹೋಯಿತು. ಎಲ್ಲರೂ ಗೋರಕ್ಷನ ಅಹಂಕಾರದ ಬಗ್ಗೆ ಹೇಳುತ್ತಾರೆ. ನನಗೆ ಅವನು ನನ್ನ ಜಾತಿಯವನು, ಪುಕ್ಕಲ ಅನ್ನಿಸುತ್ತದೆ. ಸಾಯುವ ಭಯ ಇಲ್ಲದವನು ವಜ್ರದ ಮೈ ಯಾಕೆ ಬಯಸುತ್ತಾನೆ?

ಇಷ್ಟೆಲ್ಲ ತಿಳಿದ ಮೇಲೂ ನಾನು ಬದಲಾದೆ ಎಂದು ತಿಳಿಯಬೇಡಿ. ಹೋದ ವರ್ಷ ಮಗಳ ಮದುವೆ ಕೆ.ಆರ್. ನಗರದಲ್ಲಿ ಆಯಿತು. ಧಾರೆಗೆ ನಮ್ಮ ಭಾವನವರು, ಓರಗಿತ್ತಿ ಕೂರುವುದು ಎಂದು ಮೊದಲೇ ತೀರ್ಮಾನವಾಗಿತ್ತು. ನನ್ನನ್ನು ಯಾರೂ ಬೇಡ ಎನ್ನಲಿಲ್ಲ. ಯಾರೂ ಕೇಳಲೂ ಇಲ್ಲ. ಗಂಡ ಸತ್ತವಳು ತಾನಾಗಿಯೇ ಸರಿದುಕೊಳ್ಳುತ್ತಾಳೆ ಎಂದು ಎಲ್ಲರಿಗೂ ಗೊತ್ತು. ಸರಿದುಕೊಂಡೆ. ಮುಹೂರ್ತದ ಹೊತ್ತಿಗೆ ಉಗ್ರಾಣದಲ್ಲಿ ತಾಂಬೂಲದ ಚೀಲಕ್ಕೆ ತೆಂಗಿನಕಾಯಿ ಹಾಕುತ್ತಿದ್ದೆ. ಲಿಂಗವಂತರಿಗೆ ಪಂಚಸೂತಕಗಳಿಲ್ಲ ಎಂದು ಇದೇ ಸಂಗಮದಲ್ಲಿ ಹತ್ತಾರು ಸಲ ಕೇಳಿ ತಲೆದೂಗಿದವಳು ನಾನು. ನನ್ನ ಸುತ್ತ ಇನ್ನೂ ಇಬ್ಬರು ಹಾಗೆಯೇ ಸರಿದುಕೊಂಡವರು ಎಲೆ ಒರೆಸುತ್ತಿದ್ದರು. ಮೂವರ ಎದೆಯ ಮೇಲೂ ಲಿಂಗವಿತ್ತು.

ಬಾಸಿಂಗ ಕಟ್ಟಿಕೊಂಡೇ ಮಗಳು ಬಾಗಿಲಿಗೆ ಬಂದಳು. "ಅವ್ವ, ನೀನು ಬರದೆ ನಾನು ಮಣೆ ಮೇಲೆ ಕೂರಲ್ಲ."

ಆಗ ನನಗೆ ನೆನಪಾಗಿದ್ದು ಆ ವರ. ಖಂಡಿತ ಇದಕ್ಕೇ ಉಳಿದಿದ್ದು ಎನ್ನಿಸಿತು. ಯಾರೂ ಏನೂ ಅನ್ನದಿರಲಿ ಎಂದು ಕೇಳಿಬಿಡೋಣ, ಕೇಳಿ ಎದ್ದು ಹೋಗೋಣ. ಬಾಯಿಯವರೆಗೆ ಬಂತು. ಅಷ್ಟರಲ್ಲಿ, ನಾನು ಕೇಳುತ್ತಿರುವುದು ಏನು ಎಂದು ಹೊಳೆಯಿತು. ಇನ್ನೂರು ಜನರ ನಾಲಿಗೆ ಕಟ್ಟು ಎಂದು. ಕುಂಭಕರ್ಣನಿಗೆ ಮಾಡಿದ್ದನ್ನು ನನ್ನ ನೆಂಟರಿಗೆ ಮಾಡು ಎಂದು. ಅವರು ಅಂದುಕೊಳ್ಳುವುದು ಹಾಗೇ ಇರುತ್ತದೆ, ಬಾಯಿ ಮಾತ್ರ ಮುಚ್ಚಿರುತ್ತದೆ. ನನ್ನ ಬಾಯಿ ಇಷ್ಟು ವರ್ಷ ಮುಚ್ಚಿದ್ದ ಹಾಗೆ.

ಕೇಳಲಿಲ್ಲ. ಕೈಯಲ್ಲಿದ್ದ ತೆಂಗಿನಕಾಯಿಯನ್ನು ಚೀಲಕ್ಕೆ ಹಾಕಿ ಎದ್ದೆ. ಮೊಣಕಾಲು ನಡುಗುತ್ತಿತ್ತು. ಮಂಟಪದ ಹತ್ತಿರ ಬರುತ್ತಿದ್ದ ಹಾಗೆ ಬೀಗರ ಕಡೆಯ ಹಿರಿಯರೊಬ್ಬರು, "ಇದೇನಿದು, ಕ್ರಮ ಅಂತ ಒಂದು ಇಲ್ವಾ?" ಎಂದು ಗಟ್ಟಿಯಾಗಿಯೇ ಅಂದರು. ವಾಲಗದವರು ನಿಲ್ಲಿಸಿಬಿಟ್ಟರು. ನಾನು ಹಿಂದಕ್ಕೆ ಹೋಗಬೇಕೋ ಮುಂದಕ್ಕೋ ತಿಳಿಯದೆ ನಿಂತೆ. ಆಗ ಭಾವನವರು ನನ್ನ ಮುಖ ನೋಡದೆ ಮಣೆಯ ಮೇಲೆ ಒಂದು ಗೇಣು ಸರಿದು ಕೂತರು. ಓರಗಿತ್ತಿ ಎದ್ದು ಚೊಂಬನ್ನು ನನ್ನ ಕೈಗಿಟ್ಟಳು. ಅವಳ ಜೊತೆ ನನಗೆ ಇಪ್ಪತ್ತು ವರ್ಷದಿಂದ ಅಷ್ಟಕ್ಕಷ್ಟೇ. ಧಾರೆಯ ನೀರು ಅರ್ಧ ಅಯ್ಯನವರ ಪಂಚೆ ಮೇಲೆ ಹೋಯಿತು.

ಮಗಳನ್ನು ದಾನ ಕೊಡಲು ಅವಳೇನು ವಸ್ತುವೇ, ಧಾರೆಯೇ ಬೇಡ, ವಚನ ಕಲ್ಯಾಣ ಮಾಡಬೇಕಿತ್ತು ಎಂದು ಇಲ್ಲಿ ಕೆಲವರು ಹೇಳುತ್ತೀರಿ. ಒಪ್ಪುತ್ತೇನೆ. ಆವತ್ತು ನನ್ನಲ್ಲಿ ಇದ್ದದ್ದು ಉಗ್ರಾಣದಿಂದ ಮಂಟಪದವರೆಗೆ ನಡೆಯುವಷ್ಟು ಮಾತ್ರ. ನಮ್ಮ ಸೋದರತ್ತೆಯೊಬ್ಬರು ಊಟ ಮಾಡದೆ ಹೊರಟುಹೋದರು. ಇವತ್ತಿಗೂ ಮಾತಾಡುತ್ತಿಲ್ಲ. ಅವರು ನನ್ನ ಬಾಣಂತನ ಮಾಡಿದವರು, ಅದು ನನಗೆ ನೋವೇ.

ಪ್ರಶ್ನೆ ಕೇಳಿದ ಹುಡುಗ ಮುಂದೆಯೇ ಕೂತಿದ್ದಾನೆ. ಏನು ಕೇಳಬೇಕು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ ಕಂದ. ಬೆಟ್ಟ ಹತ್ತು, ಮೇಲಿನಿಂದ ಬಹಳ ಚೆನ್ನಾಗಿ ಕಾಣುತ್ತದೆ. ಸೈಕಲ್ ಬೇಕಾದರೆ ಸೈಕಲ್ಲೇ ಕೇಳಿಕೊ.

ಬರುವ ತಿಂಗಳು ಪಿರಿಯಾಪಟ್ಟಣದಲ್ಲಿ ನಮ್ಮ ಕಡೆಯದೊಂದು ಮದುವೆ ಇದೆ. ಆವತ್ತು ನನ್ನ ಜೊತೆ ಎಲೆ ಒರೆಸುತ್ತಿದ್ದ ಇಬ್ಬರಲ್ಲಿ ಒಬ್ಬಳ ಮಗನದ್ದೇ. ಉಗ್ರಾಣಕ್ಕೆ ಹೋಗಿ ಅವಳ ಕೈ ಹಿಡಿದು ಕರೆತರಬೇಕು ಎಂದಿದ್ದೇನೆ. ಯಾರಾದರೂ ಏನಾದರೂ ಅಂದೇ ಅನ್ನುತ್ತಾರೆ. ನನಗೆ ಮೊಣಕಾಲು ನಡುಗುತ್ತದೆ. ನಿಮ್ಮಲ್ಲಿ ಐದಾರು ಜನ ಮದುವೆಗೆ ಬಂದು ಮಂಟಪದ ಹತ್ತಿರವೇ ಕೂತಿದ್ದರೆ ಸಾಕು. ಬರುವವರು ಪ್ರಸಾದದ ಹೊತ್ತಿಗೆ ನನಗೆ ಹೇಳಿ. ದಿನಾಂಕ ಬರೆದುಕೊಡುತ್ತೇನೆ.