ಮೈಕಿನ ಕೂಗು ಸ್ವರವಾಗುವ ಬಗೆ



ಸಭೆಗಳಲ್ಲಿ ಮೈಕು ಒಮ್ಮೊಮ್ಮೆ ಕುಯ್ಯೆಂದು ಕೂಗುವುದನ್ನು ನಾವೆಲ್ಲ ಕೇಳಿದ್ದೇವೆ. ಧ್ವನಿವರ್ಧಕದ ಸದ್ದು ಮತ್ತೆ ಮೈಕಿಗೇ ಬಿದ್ದು, ಸುತ್ತಿ ಸುತ್ತಿ ಬೆಳೆಯುವುದೇ ಅದಕ್ಕೆ ಕಾರಣ. ಇದೇ ಫೀಡ್‌ಬ್ಯಾಕ್. 1964ರಲ್ಲಿ ಬೀಟಲ್ಸ್ ತಂಡದವರು ‘ಐ ಫೀಲ್ ಫೈನ್’ ಹಾಡನ್ನು ಗಿಟಾರಿನ ಇಂಥ ಕೂಗಿನಿಂದಲೇ ಆರಂಭಿಸಿದರು.

ಇಂದು ಗಿಟಾರಿಲ್ಲದೆ, ಕಂಪ್ಯೂಟರಿನಲ್ಲೇ ಅದನ್ನು ಪಡೆಯಬಹುದು. ಸಿಂಥಸೈಜರಿನ ಸ್ವರವನ್ನು, ಸದ್ದನ್ನು ತುಸು ತಡೆದು ಮರಳಿಸುವ ‘ಡಿಲೇ’ಗೆ ಕಳುಹಿಸಿ. ತಡೆಯುವ ಕಾಲ ಸುಮಾರು 2.27 ಮಿಲಿಸೆಕೆಂಡ್ ಇದ್ದರೆ ಸೆಕೆಂಡಿಗೆ 440 ಕಂಪನಗಳ ಸ್ವರ ಮೊಳಗುತ್ತದೆ. ಅರ್ಧಕ್ಕಿಳಿಸಿದರೆ ಒಂದು ಸ್ಥಾಯಿ ಮೇಲೇರುತ್ತದೆ. ಮರಳಿಬರುವ ಪಾಲನ್ನು ಶೇಕಡ 95ರ ಆಸುಪಾಸಿಗೆ ಮೆಲ್ಲನೆ ಏರಿಸಿ. 100 ಮೀರಿದರೆ ಸದ್ದು ಲಗಾಮಿಲ್ಲದೆ ಬೆಳೆಯುತ್ತದೆ.

ಕೆಟ್ಟ ಕಿವಿಯನ್ನು ಕೊಂಡು ತರಲಾಗದು. ಆದ್ದರಿಂದ ಕೊನೆಯಲ್ಲಿ ಸದ್ದಿಗೆ ಮಿತಿ ಹಾಕುವ ಲಿಮಿಟರ್ ಇರಿಸಿ, ಹೆಡ್‌ಫೋನಿನ ಸದ್ದು ತಗ್ಗಿಸಿಯೇ ಆರಂಭಿಸಿ.